ಮಾಳಕ್ಕನ ಒಂಬತ್ತು ಕಲ್ಲು

ಬಹಳ ಹಿಂದೆ, ಇಸವಿ ತಾರೀಖು ಅಂತ ಯಾರೂ ತಲೆ ಕೆಡಿಸಿಕೊಳ್ಳದಿದ್ದ ಕಾಲದಲ್ಲಿ, ಬೆಳ್ಳಕ್ಕಿಕೆರೆ ಅಂತ ಒಂದು ಊರು. ಊರಿಗೊಂದು ಕೆರೆ, ಕೆರೆಗೊಂದು ಏರಿ, ಏರಿಗೊಂದು ತೂಬು, ಆ ತೂಬಿಗೊಬ್ಬಳು ನೀರುಗಂಟಿ. ಅವಳ ಹೆಸರು ಮಾಳಕ್ಕ. ನೆಮ್ಮದಿಯಾಗಿ ಕೂತು ಕೇಳಿ. ಈ ಕಥೆ ಹೇಳುವಾಗ ನಡುವೆ ಎದ್ದು ಹೋದವರು ಲೆಕ್ಕದಲ್ಲಿ ಹಿಂದೆ ಬೀಳುತ್ತಾರೆ ಅಂತ ಈ ಕಡೆ ಒಂದು ನಂಬಿಕೆ ಇದೆ. ಆಮೇಲೆ ನನ್ನನ್ನು ಬೈಯಬೇಡಿ.

ನೀರುಗಂಟಿ ಅಂದರೆ ಕೆರೆಯ ನೀರನ್ನು ಗದ್ದೆ ಗದ್ದೆಗೆ ಹಂಚುವವರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹೇಳುವುದು ಅವರ ಕೆಲಸ. ಹೆಂಗಸು ನೀರುಗಂಟಿ ಆಗುವುದುಂಟೇ ಅಂತ ಕೇಳಬಹುದು. ಮೊದಲು ಅವಳ ಗಂಡ ಕಾಟಯ್ಯ ನೀರುಗಂಟಿಯಾಗಿದ್ದನಂತೆ. ಅವನಿಗೆ ಒಂದು ವರ್ಷ ಜ್ವರ ಬಂತು. ನಾಡಿ ಹಿಡಿದು ನೋಡುವವರು ಸುತ್ತ ಹತ್ತೂರಲ್ಲಿ ಒಬ್ಬರೂ ಇರಲಿಲ್ಲ. ವೈದ್ಯರ ಊರು ಎರಡು ದಿನದ ಗಾಡಿ ದಾರಿ. ಗಾಡಿ ಅರ್ಧ ದಾರಿ ಹೋಗಿ ವಾಪಸ್ಸು ಬಂತು, ಅಷ್ಟೇ. ಹದಿಮೂರನೆಯ ದಿನ ಕಳೆದ ಮೇಲೆ ಮಾಳಕ್ಕ ಗಂಡನ ಕೋಲು ಹಿಡಿದು ತೂಬಿನ ಮೇಲೆ ನಿಂತಳು. ಯಾರೂ ಬೇಡ ಅನ್ನಲಿಲ್ಲವಂತೆ. ಅಂದಿದ್ದರೂ ಅವಳು ಕೇಳುವವಳಲ್ಲ.

ಅವಳ ಹತ್ತಿರ ಒಂದು ಗಳಿಗೆ ಬಟ್ಟಲಿತ್ತು. ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರು ತುಂಬಿದ ಹರವಿಯಲ್ಲಿ ತೇಲಿಬಿಟ್ಟರೆ ತೂತಿನಿಂದ ನೀರು ಏರಿ ಏರಿ ಬಟ್ಟಲು ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ ಆಯಿತು ಅಂತ ಲೆಕ್ಕ. ಆ ಬಟ್ಟಲು ನೋಡಿಕೊಂಡು ಅವಳು ನೀರು ಹಂಚುತ್ತಿದ್ದಳು. ಅಕ್ಷರ ಒಂದೂ ಬಾರದು. ಆದರೆ ಏರಿಯ ಮೇಲೆ ನಿಂತು ಕೆರೆಯತ್ತ ಒಮ್ಮೆ ಕಣ್ಣು ಹಾಯಿಸಿ, ಈ ನೀರು ಇನ್ನು ಎಪ್ಪತ್ತೆರಡು ದಿನ ಅಂದರೆ ಎಪ್ಪತ್ತೆರಡೇ ದಿನವಂತೆ. ಒಂದು ಸಲ ಒಂದು ದಿನ ತಪ್ಪಿತಂತೆ. ಇಳಿದು ನೋಡಿದರೆ ತೂಬಿನ ಬಾಯಲ್ಲಿ ಆಮೆ ಸಿಕ್ಕಿಕೊಂಡಿತ್ತಂತೆ. ತಪ್ಪು ಆಮೆಯದು, ಮಾಳಕ್ಕನದಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು, ಮುಂದೆ ಕಥೆಯೆಲ್ಲ ಅದರ ಮೇಲೇ ನಿಂತಿದೆ. ಬೆಳ್ಳಕ್ಕಿಕೆರೆಯಲ್ಲಿ ವರ್ಷದ ಮೊದಲ ಸಲ ತೂಬು ಎತ್ತಿದಾಗ ಮೊದಲ ಗಳಿಗೆಯ ನೀರು ಯಾರ ಗದ್ದೆಯ ಪಾಲಿಗೂ ಇಲ್ಲ. ಅದು ಕಾಲುವೆಯ ಪಾಲು. ಒಣಗಿ ಬಿರುಕುಬಿಟ್ಟ ಕಾಲುವೆ ಮೊದಲು ತಾನು ಕುಡಿಯುತ್ತದೆ, ತನ್ನ ಬಾಯಾರಿಕೆ ತೀರಿದ ಮೇಲೆ ಗದ್ದೆಗೆ ಬಿಡುತ್ತದೆ. ಆ ಗಳಿಗೆ ಮುಗಿಯುವವರೆಗೆ ಊರಿನ ದೊಡ್ಡ ಗೌಡನೂ ಸುಮ್ಮನೆ ನಿಂತಿರಬೇಕು. ಮಾಳಕ್ಕ ಹಾಲು ಕುಡಿಸುತ್ತಾ ಮಗಳಿಗೂ ಇದನ್ನೇ ಕಲಿಸಿದಳು. ಕಾಲುವೆ ಕುಡಿಯುವುದನ್ನು ಮರೆತು ಲೆಕ್ಕ ಹಾಕಬೇಡ ಅಂತ.

ಮಗಳ ಹೆಸರು ಚೆಲುವಿ. ಆಚೆ ಊರಿನವರು ಈ ಕಥೆ ಹೇಳುವಾಗ ಮಗಳಲ್ಲ, ಮಗ ಅನ್ನುತ್ತಾರೆ. ಅವರ ಮಾತು ಬಿಡಿ, ಅವರಿಗೆ ನಮ್ಮ ಕೆರೆ ಕಂಡರೂ ಹೊಟ್ಟೆಯುರಿ. ಮಗಳೇ. ಅಪ್ಪ ಗಾಡಿಯಲ್ಲೇ ಹೋದದ್ದನ್ನು ಅವಳು ಪಕ್ಕದಲ್ಲಿ ಕೂತು ನೋಡಿದ್ದಳು. ಅವತ್ತೇ ವೈದ್ಯವಿದ್ಯೆ ಕಲಿಯುತ್ತೇನೆ ಅಂದಳು. ಊರಿನ ಅಯ್ನೋರ ಹತ್ತಿರ ಇದ್ದಬದ್ದ ಓಲೆಗರಿಯನ್ನೆಲ್ಲ ಓದಿ ಮುಗಿಸಿದಳು. ಕೊನೆಗೆ ಅಯ್ನೋರೇ, ತಾಯೀ, ನನ್ನ ಗಂಟು ಖಾಲಿಯಾಯಿತು, ಇನ್ನು ಮೇಲಿನ ಓದು ಬೇಕಿದ್ದರೆ ಹೊಂಗಲ್ಲು ಬೆಟ್ಟಕ್ಕೆ ಹೋಗು ಅಂದರಂತೆ.

ಹೊಂಗಲ್ಲು ಬೆಟ್ಟದ ನೆತ್ತಿಯಲ್ಲಿ ಒಂದು ದೊಡ್ಡ ಶಾಲೆ. ಊರಿನ ಓದು ಮುಗಿಸಿದವರಿಗೆ ಮಾತ್ರ ಅಲ್ಲಿ ಪ್ರವೇಶ. ಅದೂ ಸುಮ್ಮನೆ ಅಲ್ಲ, ಪರೀಕ್ಷೆ ಗೆದ್ದು ಬರಬೇಕು. ಯುಗಾದಿ ಕಳೆದ ಮೇಲೆ ಒಂಬತ್ತು ದಿನ ಪರೀಕ್ಷೆ, ದಿನಕ್ಕೊಂದು ತಂಡ. ಮೊದಲು ಪದಗಳ ಪರೀಕ್ಷೆ, ಆಮೇಲೆ ಓದಿ ಅರ್ಥ ಹೇಳುವ ಪರೀಕ್ಷೆ, ಕೊನೆಗೆ ಲೆಕ್ಕ. ಪದ ಗೊತ್ತಿದ್ದವರು ಸಾವಿರ ಜನ ಇದ್ದರು. ಲೆಕ್ಕಕ್ಕೆ ಬಂದಾಗ ಪಂಡಿತರ ಮಕ್ಕಳೂ ಬೆವರುತ್ತಿದ್ದರಂತೆ. ಗಳಿಗೆ ಬಟ್ಟಲು ಎರಡು ಸಲ ಮುಳುಗುವುದರೊಳಗೆ ಹದಿನೆಂಟು ಲೆಕ್ಕ. ಮರಳು ಹರಡಿದ ಮಣೆಯ ಮೇಲೆ ಉತ್ತರ ಬರೆಯಬೇಕು. ಹದಿನಾಲ್ಕು ಸರಿಯಾದರೆ ಒಳಗೆ, ಇಲ್ಲವಾದರೆ ಮೆಟ್ಟಿಲಿಳಿದು ಮನೆಗೆ. ಒಬ್ಬರಿಗೆ ಜನ್ಮದಲ್ಲಿ ಮೂರೇ ಅವಕಾಶ. ನಾಡಿ ನೋಡುವವಳಿಗೆ ಲೆಕ್ಕ ಯಾಕೆ ಅಂತ ಊರಿನ ಕೆಲವರು ನಕ್ಕರು. ಮಾಳಕ್ಕ ಹೇಳಿದಳಂತೆ: ಔಷಧಿ ಒಂದು ಗುಲಗಂಜಿ ತೂಕ ಹೆಚ್ಚಾದರೆ ಜ್ವರವೂ ಹೋಗುತ್ತದೆ, ಜ್ವರ ಬಂದವನೂ ಹೋಗುತ್ತಾನೆ. ಅದಕ್ಕೇ ಲೆಕ್ಕ.

ಮೊದಲ ವರ್ಷ ಚೆಲುವಿ ಹೋದಳು. ಮೂರನೆಯ ಲೆಕ್ಕಕ್ಕೆ ಬಂದು ನಿಂತಳು. ಇಬ್ಬರು ಎದುರು ಬದುರು ಊರಿನಿಂದ ಹೊರಟರೆ ಎಲ್ಲಿ ಸೇರುತ್ತಾರೆ ಅಂತ ಲೆಕ್ಕ. ಬಿಡಿಸದೆ ಮುಂದೆ ಹೋಗುವುದಿಲ್ಲ ಅಂತ ಹಟ ಹಿಡಿದಳು. ಅವರಿಬ್ಬರು ಸೇರುವ ಹೊತ್ತಿಗೆ ಬಟ್ಟಲು ಎರಡು ಸಲ ಮುಳುಗಿತ್ತು. ಉಳಿದ ಹದಿನೈದು ಲೆಕ್ಕವನ್ನು ಅವಳು ಕಣ್ಣಿನಿಂದಲೂ ನೋಡಲಿಲ್ಲ.

ಎರಡನೆಯ ವರ್ಷ ತಾಯಿಯೂ ಜೊತೆಗೆ ಹೋದಳು. ಬೇಸಗೆ, ಕೆರೆಯಲ್ಲಿ ಹಂಚುವಷ್ಟು ನೀರಿರಲಿಲ್ಲ. ಮೊದಲ ದಿನವೇ ಚೆಲುವಿಯ ಸರದಿ. ಈ ಸಲ ಹದಿನೆಂಟೂ ಬರೆದಳು. ಹದಿಮೂರು ಸರಿಯಾಯಿತು. ಒಂದೇ ಒಂದು ಕಡಿಮೆ! ತಪ್ಪಿದ ಐದರಲ್ಲಿ ನಾಲ್ಕು ಕಷ್ಟದವು, ಹೋಗಲಿ ಅನ್ನಬಹುದು; ಐದನೆಯದು ಕೆರೆಯ ಲೆಕ್ಕ. ನೀರುಗಂಟಿಯ ಮಗಳಿಗೆ ಕೆರೆಯ ಲೆಕ್ಕವೇ ತಪ್ಪಿತು. ತೂಬು ಗಳಿಗೆಗೆ ನಾಲ್ಕು ಗದ್ದೆ ನೆನೆಸುತ್ತದೆ, ಅರವತ್ತು ಗದ್ದೆಗೆ ಎಷ್ಟು ಗಳಿಗೆ ಅಂತ ಕೇಳಿದ್ದರು. ಹದಿನೈದು ಅಂತ ಎಲ್ಲರೂ ಬರೆದರು. ಚೆಲುವಿ ಮಾತ್ರ ಹದಿನಾರು ಅಂತ ಬರೆದಳು. ಮೊದಲ ಗಳಿಗೆ ಕಾಲುವೆಯದಲ್ಲವೇ? ಕೈ ತಾನಾಗಿಯೇ ಒಂದು ಸೇರಿಸಿತ್ತು.

ಚೆಲುವಿ ಮೆಟ್ಟಿಲಿಳಿದು ಬಂದು ತಾಯಿಯ ಮಡಿಲಲ್ಲಿ ಮುಖ ಇಟ್ಟು ಅತ್ತಳು. ಮಾಳಕ್ಕ ಅಳಲಿಲ್ಲ. ಆದರೆ ಎದೆಯೊಳಗೆ ಯಾರೋ ಗುದ್ದಲಿ ಹಾಕಿದಷ್ಟು ನೋವಾಯಿತು. ಸೋತದ್ದು ಮಗಳಲ್ಲ, ತಾನು ಅಂತ ಅವಳಿಗೆ ಅನ್ನಿಸಿತು. ಕಾಲುವೆ ಕುಡಿಯುತ್ತದೆ ಅಂತ ಹೇಳಿಕೊಟ್ಟವಳು ತಾನೇ ಅಲ್ಲವೇ. ಗಂಡನನ್ನು ಉಳಿಸಿಕೊಳ್ಳಲಾಗಲಿಲ್ಲ, ಈಗ ಮಗಳ ದಾರಿಗೂ ತಾನೇ ಅಡ್ಡ ಬಿದ್ದೆ ಅಂತ ಸಂಕಟಪಟ್ಟಳು. ಇನ್ನು ಉಳಿದದ್ದು ಒಂದೇ ಅವಕಾಶ.

ಬೇರೆಯವರಾಗಿದ್ದರೆ ಬುತ್ತಿ ಕಟ್ಟಿಕೊಂಡು ಊರಿಗೆ ಹೊರಡುತ್ತಿದ್ದರು. ಮಾಳಕ್ಕ ಹೊರಡಲಿಲ್ಲ. ಬೆಟ್ಟದ ಕೊನೆಯ ಮೆಟ್ಟಿಲಿನ ಮೇಲೆ ಒಂದು ಹರವಿ ಇಟ್ಟುಕೊಂಡು ಕೂತಳು. ಇನ್ನೂ ಎಂಟು ದಿನ ಪರೀಕ್ಷೆ ಇತ್ತು. ಗೆದ್ದವರು ಮೇಲೆಯೇ ಉಳಿಯುತ್ತಾರೆ. ಸೋತವರು ಇಳಿದು ಬರುತ್ತಾರೆ. ಸೋತು ಇಳಿದವರನ್ನು ಯಾರು ಮಾತಾಡಿಸುತ್ತಾರೆ ಹೇಳಿ? ಇವಳು ಮಾತಾಡಿಸಿದಳು. ಬಿಸಿಲಲ್ಲಿ ಬಂದವರಿಗೆ ಬೊಗಸೆಗೆ ನೀರು ಹುಯ್ಯುತ್ತಾ ಒಂದೇ ಮಾತು ಕೇಳಿದಳಂತೆ.

“ಯಾವ ಲೆಕ್ಕ ಕಣಪ್ಪಾ ನಿನ್ನ ಕೆಡವಿದ್ದು?”

ಸೋತವರ ಹೊಟ್ಟೆಯಲ್ಲಿ ಆ ಲೆಕ್ಕ ಬೆಂಕಿಯಾಗಿ ಉರಿಯುತ್ತಿರುತ್ತದೆ. ಕೇಳುವವರು ಸಿಕ್ಕರೆ ಸಾಕು. ಒಬ್ಬೊಬ್ಬರೂ ಕೂತು ಹೇಳಿದರು. ಒಬ್ಬೊಬ್ಬರು ಹೇಳಿದ ಲೆಕ್ಕಕ್ಕೂ ಅವಳು ಒಂದೊಂದು ಹರಳು ಎತ್ತಿಟ್ಟಳು. ಮುನ್ನೂರು ಜನ ಅನ್ನುತ್ತಾರೆ, ಐನೂರು ಅನ್ನುವವರೂ ಇದ್ದಾರೆ. ಹರಳು ಹರಡಿಕೊಂಡು ನೋಡುತ್ತಾ ನೋಡುತ್ತಾ ಮಾಳಕ್ಕನಿಗೆ ಒಂದು ವಿಷಯ ಹೊಳೆಯಿತು. ಒಬ್ಬನ ಲೆಕ್ಕದಲ್ಲಿ ಎಣ್ಣೆ ಬೆರೆಸುವುದು, ಇನ್ನೊಬ್ಬನದರಲ್ಲಿ ಅಕ್ಕಿ, ಮತ್ತೊಬ್ಬನದರಲ್ಲಿ ಚಿನ್ನ. ಹೆಸರು ಬೇರೆ, ಲೆಕ್ಕ ಒಂದೇ. ಅವಳು ಒಂದೇ ಜಾತಿಯ ಹರಳನ್ನೆಲ್ಲ ಒಂದು ಗುಡ್ಡೆ ಮಾಡಿದಳು. ಒಂಬತ್ತನೆಯ ದಿನ ನೋಡಿದರೆ ಗುಡ್ಡೆಗಳು ಎಂಟೇ ಎಂಟು! ಇಷ್ಟು ಜನ ಪಂಡಿತರು, ಇಷ್ಟು ವರ್ಷದಿಂದ, ಎಂಟೇ ಜಾತಿ ಲೆಕ್ಕಕ್ಕೆ ಬೇರೆ ಬೇರೆ ಬಟ್ಟೆ ಉಡಿಸಿ ಕಳಿಸುತ್ತಿದ್ದರು. ಅಕ್ಷರ ಬಾರದ ನೀರುಗಂಟಿ ಅದನ್ನು ಕಂಡುಹಿಡಿದಳು. ನಮ್ಮೂರವರು ಎದೆಯುಬ್ಬಿಸಿ ಹೇಳಿಕೊಳ್ಳುವ ಮಾತು ಇದು, ಹೇಳಿಕೊಳ್ಳಲಿ.

ಕೊನೆಯ ದಿನ ಮರಳುಗೆರೆ ಅನ್ನುವ ಊರಿನ ಒಬ್ಬ ಇಳಿದು ಬಂದ, ನಡುವಯಸ್ಸಿನವನು, ಅವನದು ಮೂರನೆಯ ಸೋಲು. ಮಾಳಕ್ಕ ಅವನ ಹತ್ತಿರ ಮಗಳ ಕಥೆ ಹೇಳಿಕೊಂಡಳು. ಕಾಲುವೆಗೆ ಒಂದು ಗಳಿಗೆ ಬಿಟ್ಟದ್ದು ತಪ್ಪಾಯಿತಂತೆ ನೋಡಪ್ಪ ಅಂದಳು. ಅವನು ಆಶ್ಚರ್ಯಪಟ್ಟ. ಒಂದೇ ಗಳಿಗೆಯೇ? ನಮ್ಮಲ್ಲಿ ಮರಳು ನೆಲ, ಕಾಲುವೆ ಮೂರು ಗಳಿಗೆ ಕುಡಿಯುತ್ತದಲ್ಲ ಅಂದ. ಇಷ್ಟು ವರ್ಷ ಮಾಳಕ್ಕ ತನ್ನ ಊರಿನ ಕಾಲುವೆಯ ಬಾಯಾರಿಕೆಯನ್ನೇ ಲೋಕದ ಬಾಯಾರಿಕೆ ಅಂದುಕೊಂಡಿದ್ದಳು. ಅವಳ ಗರ್ವ ಆ ಮೆಟ್ಟಿಲಿನ ಮೇಲೆ ಸ್ವಲ್ಪ ಇಳಿಯಿತಂತೆ. ಪೂರ್ತಿ ಇಳಿಯಲಿಲ್ಲ, ಅದು ಆಗುವ ಮಾತಲ್ಲ.

ಅವತ್ತು ಸಂಜೆ ಶಾಲೆಯ ದೊಡ್ಡ ಗುರುಗಳು ಮೆಟ್ಟಿಲಿಳಿದು ಬಂದರಂತೆ. ಹರಳಿನ ಗುಡ್ಡೆ ನೋಡಿ ಇದೇನಮ್ಮ ಅಂತ ಕೇಳಿದರಂತೆ. ಮಾಳಕ್ಕ ಎದ್ದು ಕೈಮುಗಿದಳು. ಗುಡ್ಡೆ ಗುಡ್ಡೆಯ ಲೆಕ್ಕ ಒಪ್ಪಿಸಿ, ಕೈಮುಗಿದುಕೊಂಡೇ ಇನ್ನೊಂದು ಮಾತು ಹೇಳಿದಳು.

“ಬುದ್ಧೀ, ನಿಮ್ಮ ಲೆಕ್ಕದ ಕಾಲುವೆ ನೀರು ಕುಡಿಯಾಕಿಲ್ಲ. ಕುಡಿಯದ ಕಾಲುವೆ ನಾನು ಎಲ್ಲೂ ಕಂಡಿಲ್ಲ. ಒಂದ್ಸಲ ನಮ್ಮ ಕೆರೆ ತಾವ ಬಂದು ನೋಡಿ.”

ಗುರುಗಳು ಗುಡ್ಡೆಗಳನ್ನು ಇನ್ನೊಮ್ಮೆ ಎಣಿಸಿ ಮೇಲೆ ಹೋದರಂತೆ. ಬೈದರು ಅಂತ ಯಾರೂ ಹೇಳುವುದಿಲ್ಲ.

ಊರಿಗೆ ಬಂದವಳೇ ಮಾಳಕ್ಕ ಏರಿಯ ಮೇಲೆ ಎಂಟು ಕಲ್ಲು ನೆಟ್ಟಳು. ಹಂಚುವ ಲೆಕ್ಕಕ್ಕೊಂದು ಕಲ್ಲು, ಬೆರೆಸುವ ಲೆಕ್ಕಕ್ಕೊಂದು, ನಡೆಯುವವರ ಲೆಕ್ಕಕ್ಕೊಂದು, ತುಂಬಿ ಬರಿದಾಗುವ ಲೆಕ್ಕಕ್ಕೊಂದು, ಹೀಗೆ. ದಿನಾ ಬೆಳಿಗ್ಗೆ ಚೆಲುವಿ ಏರಿಗೆ ಬರಬೇಕು. ತಾಯಿ ನೆನಪಿನಿಂದ ಒಂದು ಲೆಕ್ಕ ಹೇಳುತ್ತಿದ್ದಳು. ಚೆಲುವಿ ಬಿಡಿಸುವಂತಿಲ್ಲ. ಯಾವ ಕಲ್ಲಿನ ಲೆಕ್ಕ ಅಂತ ಓಡಿ ಹೋಗಿ ಆ ಕಲ್ಲು ಮುಟ್ಟಬೇಕು, ಅಷ್ಟೇ. ಎರಡು ತಿಂಗಳು ಬರೀ ಇದೇ. ಊರಿನವರು ತಾಯಿ ಮಗಳಿಗೆ ತಲೆ ಕೆಟ್ಟಿದೆ ಅಂದರು. ಬೆಳೆದ ಹೆಣ್ಣು ಏರಿಯ ಮೇಲೆ ಕಲ್ಲಿಂದ ಕಲ್ಲಿಗೆ ಓಡುತ್ತಿದ್ದರೆ ಇನ್ನೇನು ಅನ್ನುತ್ತಾರೆ.

ಆಮೇಲೆ ಅಂದಾಜು. ಲೆಕ್ಕ ಹಾಕುವ ಮೊದಲು ಎಷ್ಟಿರಬಹುದು ಅಂತ ಬಾಯಲ್ಲಿ ಹೇಳಬೇಕು. ಉತ್ತರ ಅಂದಾಜಿನ ಹತ್ತಿರ ಬರದಿದ್ದರೆ ಎಲ್ಲೋ ಆಮೆ ಸಿಕ್ಕಿಕೊಂಡಿದೆ ಅಂತ ಮತ್ತೆ ನೋಡಬೇಕು. ಆಮೇಲೆ ಬಿಟ್ಟು ನಡೆಯುವುದು. ಚೆಲುವಿಗೆ ಅತಿ ಕಷ್ಟವಾದದ್ದು ಇದು, ಹಟಮಾರಿ ಅಲ್ಲವೇ. ಮಾಳಕ್ಕ ಅವಳನ್ನು ಗದ್ದೆಗೆ ಕರೆದುಕೊಂಡು ಹೋಗಿ ತೋರಿಸಿದಳು. ನೀರು ಏರದ ಗದ್ದೆಯ ಮುಂದೆ ನೀರುಗಂಟಿ ನಿಂತುಬಿಟ್ಟರೆ ಉಳಿದವರ ಪೈರು ಒಣಗುತ್ತದೆ. ಮುಂದಿನ ಗದ್ದೆಗೆ ತಿರುಗಿಸಿಬಿಡು, ಹೊತ್ತು ಉಳಿದರೆ ಇಲ್ಲಿಗೇ ವಾಪಸ್ಸು ಬಾ ಅಂದಳು. ಹರವಿಯಲ್ಲಿ ಬಟ್ಟಲು ತೇಲಿಬಿಟ್ಟು ದಿನಕ್ಕೆ ಹದಿನೆಂಟು ಲೆಕ್ಕ. ಬಟ್ಟಲು ಮುಳುಗುವ ಸದ್ದು ಕೇಳಿದರೆ ಚೆಲುವಿಯ ಎದೆ ಮೊದಲು ಹೊಡೆದುಕೊಳ್ಳುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಒಲೆಯ ಮೇಲೆ ಸಾರು ಕುದಿಯುವ ಸದ್ದಿನಷ್ಟೇ ಆಯಿತಂತೆ.

ಎಲ್ಲ ಸರಿ ಹೋಯಿತು, ಒಂದು ಮಾತ್ರ ಹೋಗಲಿಲ್ಲ. ಕೆರೆಯ ಲೆಕ್ಕ ಬಂದರೆ ಚೆಲುವಿಯ ಕೈ ಈಗಲೂ ಒಂದು ಸೇರಿಸುತ್ತಿತ್ತು. ಬೇಡ ಅಂದರೂ ಸೇರಿಸುತ್ತಿತ್ತು. ಹುಟ್ಟಿದಾಗಿನಿಂದ ಕಂಡದ್ದು, ಹೇಗೆ ಹೋಗುತ್ತದೆ? ಕಾಲುವೆ ಕುಡಿಯುವುದಿಲ್ಲ ಅಂತ ಹೇಳಿಕೊಡಲು ಮಾಳಕ್ಕನಿಗೂ ನಾಲಿಗೆ ಬರಲಿಲ್ಲ, ಅದು ಸುಳ್ಳು. ಮೂರು ದಿನ ಯೋಚನೆ ಮಾಡಿದಳಂತೆ. ನಾಲ್ಕನೆಯ ದಿನ ಮಗಳನ್ನು ಕರೆದು ಹೇಳಿದಳು.

“ಮಗಾ, ಲೆಕ್ಕಕ್ಕೆ ಕೂರೋಕೆ ಮುಂಚೆ ಒಂದು ಬೊಗಸೆ ನೀರು ನೆಲಕ್ಕೆ ಬಿಡು. ಅದು ಕಾಲುವೆ ಪಾಲು, ಕುಡೀತು, ಮುಗೀತು. ಆಮೇಲೆ ಅವರು ಏನು ಕೇಳವ್ರೆ ಅನ್ನೋದನ್ನ ಮಾತ್ರ ನೋಡು. ಕೇಳಿದ್ದಕ್ಕಿಂತ ಹೆಚ್ಚೂ ಬೇಡ, ಕಮ್ಮಿಯೂ ಬೇಡ.”

ಹಾಗೆ ಮಾಡಿದ ಮೇಲೆ ಚೆಲುವಿಯ ಕೈ ಸುಮ್ಮನಾಯಿತಂತೆ. ಆ ವರ್ಷ ಮೊದಲ ತೂಬು ಎತ್ತುವ ದಿನ ಕಂಬಳಿ ಹೊದ್ದ ಒಬ್ಬ ಮುದುಕ ಏರಿಯ ಮೇಲೆ ಬಂದು ನಿಂತಿದ್ದನಂತೆ. ಒಂದು ಗಳಿಗೆ ಕಾಲುವೆಯನ್ನೇ ನೋಡುತ್ತಾ ನಿಂತು, ನೀರು ಮೊದಲ ಗದ್ದೆ ಮುಟ್ಟಿದಾಗ ಹೊರಟುಹೋದನಂತೆ. ಯಾರೋ ಏನೋ. ದೊಡ್ಡ ಗುರುಗಳೇ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಹೇಳುವುದೇನು, ಆಣೆ ಇಡುತ್ತಿದ್ದರು.

ಮೂರನೆಯ ಯುಗಾದಿ ಬಂತು. ಚೆಲುವಿ ಮೆಟ್ಟಿಲು ಹತ್ತಿದಳು. ಮಾಳಕ್ಕ ಕೆಳಗೆ ಹರವಿ ಇಟ್ಟುಕೊಂಡು ಕೂತಳು. ಹೊತ್ತು ಮಧ್ಯಾಹ್ನಕ್ಕೆ ತಿರುಗಿತು. ಮೊದಲು ಒಬ್ಬ ಇಳಿದು ಬಂದ. ಯಾವ ಲೆಕ್ಕ ಕಣಪ್ಪಾ ಅಂದಳು. ಕೊನೆಯದು ಕಣಮ್ಮ, ಕೆರೆಯ ಲೆಕ್ಕ, ಹದಿನೈದು ಅಂತ ಬರೆದೆ, ತಪ್ಪಂತೆ ಅಂದ. ಮಾಳಕ್ಕ ಚೆಂಬನ್ನು ಕೆಳಗಿಟ್ಟಳು. ಹದಿನೈದು ತಪ್ಪೇ? ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಬಂದಳು. ಹಿಂದಿನ ವರ್ಷದ ಸುದ್ದಿ ಅವಳ ಕಿವಿಗೂ ಬಿದ್ದಿತ್ತಂತೆ. ಜಾಣತನ ಮಾಡಿ ಹದಿನಾರು ಅಂತ ಬರೆದೆ, ಅದೂ ತಪ್ಪಂತೆ ಅಂದಳು.

ಹದಿನೈದೂ ಅಲ್ಲ, ಹದಿನಾರೂ ಅಲ್ಲ. ಹಾಗಾದರೆ ಏನು? ಇಳಿದು ಬಂದವರಿಗೆ ನೀರು ಹುಯ್ಯುವುದನ್ನೂ ಮಾಳಕ್ಕ ಮರೆತಳು. ಕೇಳಿದ್ದನ್ನು ಮಾತ್ರ ನೋಡು ಅಂತ ಹೇಳಿ ಮತ್ತೆ ಮಗಳನ್ನು ಕೆಡವಿದೆನೇ ಅಂತ ಒಳಗೊಳಗೇ ಬೆಂದಳು. ಇಳಿದು ಬರುವ ಒಂದೊಂದು ತಲೆಯನ್ನೂ ನೋಡಿದಳು. ಹತ್ತು ಜನ ಇಳಿದರು, ಇಪ್ಪತ್ತು ಜನ ಇಳಿದರು. ಚೆಲುವಿ ಇಳಿಯಲಿಲ್ಲ. ಬಿಸಿಲು ಬೆಟ್ಟದ ಆಚೆ ವಾಲಿತು. ಆಗಲೂ ಚೆಲುವಿ ಇಳಿಯಲಿಲ್ಲ. ಗೆದ್ದವರು ಮೇಲೆ ಉಳಿಯುತ್ತಾರೆ ಅನ್ನುವುದು ಮಾಳಕ್ಕನಿಗೆ ಗೊತ್ತು. ಆದರೆ ತಾಯಿಯ ಮನಸ್ಸು ಬೇಗ ನಂಬುವುದಿಲ್ಲ.

ಆಗ ದೊಡ್ಡ ಗುರುಗಳೇ ಇಳಿದು ಬಂದರಂತೆ. ಎರಡೂ ಕೈಯಲ್ಲಿ ಮರಳಿನ ಮಣೆ ಹಿಡಿದುಕೊಂಡು, ಮರಳು ಚೆದುರದ ಹಾಗೆ ಮೆಲ್ಲಗೆ ಮೆಟ್ಟಿಲು ಮೆಟ್ಟಿಲು ಇಳಿದರಂತೆ. ಮಾಳಕ್ಕನ ಮುಂದೆ ಮಣೆ ಇಟ್ಟರು. ಓದಲು ಬಾರದ ಅವಳಿಗೆ ತಾವೇ ಓದಿ ಹೇಳಿದರು. ಕೇಳಿದ ಲೆಕ್ಕ ಹಳೆಯದೇ. ಗಳಿಗೆಗೆ ನಾಲ್ಕು ಗದ್ದೆ, ಅರವತ್ತು ಗದ್ದೆ, ಎಷ್ಟು ಗಳಿಗೆ? ಆದರೆ ಈ ಸಲ ಅದರಲ್ಲಿ ಒಂದು ಮಾತು ಹೆಚ್ಚಿಗೆ ಇತ್ತು. ಆರು ತಿಂಗಳಿಂದ ಒಣಗಿದ ಕಾಲುವೆ ಅಂತ ಇತ್ತು. ಎಲ್ಲರೂ ಒಂದೊಂದು ಅಂಕಿ ಬರೆದಿದ್ದರು. ಚೆಲುವಿ ಬರೆದದ್ದು ಹೀಗೆ: ಗದ್ದೆಗೆ ಹದಿನೈದು ಗಳಿಗೆ. ಒಣಗಿದ ಕಾಲುವೆಗೆ ಎಷ್ಟು ಅನ್ನುವುದಕ್ಕೆ ಅದರ ಉದ್ದ ಹೇಳಿಲ್ಲ, ಮಣ್ಣು ಹೇಳಿಲ್ಲ. ನಮ್ಮೂರ ಕಾಲುವೆ ಒಂದು ಗಳಿಗೆ ಕುಡಿಯುತ್ತದೆ, ಮರಳುಗೆರೆಯದು ಮೂರು. ಇದು ಯಾರೂರ ಕಾಲುವೆ? ಇಷ್ಟು ಹೇಳಿದರೆ ಸಾಲದು.

ಹದಿಮೂರು ಲೆಕ್ಕ ಅದಾಗಲೇ ಸರಿಯಾಗಿತ್ತಂತೆ. ಇದು ಹದಿನಾಲ್ಕನೆಯದು.

ಮಾಳಕ್ಕ ಆ ಮರಳನ್ನು ನೋಡಿದಳು. ಗಂಡ ಹೋದಾಗಲೂ ಜನರ ಮುಂದೆ ಅಳದ ಹೆಂಗಸು ಅವತ್ತು ಬೆಟ್ಟದ ಬುಡದಲ್ಲಿ ಗಟ್ಟಿಯಾಗಿ ಅತ್ತಳಂತೆ, ಅಳುತ್ತಲೇ ನಕ್ಕಳಂತೆ. ಗುರುಗಳು ಬಗ್ಗಿ ಒಂದು ಕಲ್ಲು ಎತ್ತಿಕೊಂಡರು. ನಿನ್ನ ಏರಿಯ ಮೇಲೆ ಒಂದು ಕಲ್ಲು ಕಡಿಮೆಯಿದೆ ತಾಯೀ, ಹೇಳಿದ್ದು ಸಾಲದು ಅನ್ನುವ ಲೆಕ್ಕದ್ದು ಅಂದರು. ಆ ಕಲ್ಲನ್ನು ಅವರೇ ಹೆಗಲ ಮೇಲೆ ಹೊತ್ತು ಬೆಳ್ಳಕ್ಕಿಕೆರೆಗೆ ತಂದು ನೆಟ್ಟರಂತೆ. ಒಂಬತ್ತನೆಯ ಕಲ್ಲು ಉಳಿದವಕ್ಕಿಂತ ಬೇರೆ ಬಣ್ಣ. ಬೇಕಿದ್ದರೆ ಹೋಗಿ ನೋಡಿ, ಬೆಟ್ಟದ ಕಲ್ಲೇ ಅದು.

ಐದು ವರ್ಷಕ್ಕೆ ಚೆಲುವಿ ನಾಡಿ ನೋಡುವವಳಾಗಿ ಊರಿಗೆ ಬಂದಳು. ಆಮೇಲೆ ಯಾರ ಗಾಡಿಯೂ ಅರ್ಧ ದಾರಿಯಿಂದ ವಾಪಸ್ಸು ಬರಲಿಲ್ಲವಂತೆ. ಇತ್ತ ಹೊಂಗಲ್ಲಿಗೆ ಹೊರಟವರೆಲ್ಲ ಮೊದಲು ಮಾಳಕ್ಕನ ಏರಿಗೆ ಬರತೊಡಗಿದರು. ಅವಳು ಯಾರಿಂದಲೂ ಕಾಸು ಮುಟ್ಟಲಿಲ್ಲ. ಬಂದವರು ಕೆರೆಯಿಂದ ದಿನಕ್ಕೊಂದು ಮಂಕರಿ ಹೂಳು ತೆಗೆದು ಏರಿಗೆ ಹಾಕಬೇಕು, ಅಷ್ಟೇ ಅವಳ ಕಟ್ಟಳೆ. ಸುತ್ತಿನ ಎಲ್ಲ ಕೆರೆಗಳ ಏರಿಗಿಂತ ಬೆಳ್ಳಕ್ಕಿಕೆರೆಯ ಏರಿ ಆಳೆತ್ತರ ಹೆಚ್ಚಿರುವುದು ಅದಕ್ಕೇ. ಮಾಳಕ್ಕ ತೀರಿಕೊಂಡದ್ದು ಒಂದು ಬೇಸಗೆಯಲ್ಲಿ. ಮಳೆ ಬಂದು ಮೊದಲ ತೂಬು ಎತ್ತಿದಾಗ ಆ ವರ್ಷ ಕಾಲುವೆ ಒಂದು ಗಳಿಗೆ ಕುಡಿಯಿತು, ಎರಡು ಗಳಿಗೆ ಕುಡಿಯಿತು, ಆದರೂ ಗದ್ದೆಗೆ ನೀರು ಬಿಡಲಿಲ್ಲವಂತೆ. ಯಾರೂ ಗೊಣಗಲಿಲ್ಲ. ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ಎಲ್ಲರೂ ನಿಂತೇ ಇದ್ದರಂತೆ.

ಈಗ ಹೊಂಗಲ್ಲು ಬೆಟ್ಟದ ಶಾಲೆ ಎಲ್ಲಿತ್ತು ಅಂತ ಹೇಳುವವರಿಲ್ಲ. ಪರೀಕ್ಷೆಗಳು ಪಟ್ಟಣ ಸೇರಿವೆ, ಕಂಪ್ಯೂಟರಿನ ಮುಂದೆ ಕೂತು ಬರೆಯುತ್ತಾರೆ, ಬಟ್ಟಲಿನ ಬದಲು ಪರದೆಯ ಮೂಲೆಯಲ್ಲಿ ನಿಮಿಷ ಇಳಿಯುತ್ತಿರುತ್ತದೆ. ಡಿಗ್ರಿ ಮುಗಿಸಿ ಮೇಲಿನ ಓದಿಗೆ ಹೊರಟ ನಮ್ಮ ಕಡೆಯ ಮಕ್ಕಳು ಇವತ್ತಿಗೂ ಹೊರಡುವ ಮುಂಚೆ ಏರಿಗೆ ಒಂದು ಮಂಕರಿ ಹೂಳು ಹಾಕುತ್ತಾರೆ, ತೂಬಿನ ಕೆಳಗೆ ಒಂದು ಬೊಗಸೆ ನೀರು ಬಿಡುತ್ತಾರೆ. ಪರೀಕ್ಷೆಯ ಕೋಣೆಯಲ್ಲೂ ಬಾಟಲಿಯಿಂದ ನಾಲ್ಕು ಹನಿ ನೆಲಕ್ಕೆ ಬಿಟ್ಟು ಮೇಲ್ವಿಚಾರಕರಿಂದ ಬೈಸಿಕೊಂಡವರಿದ್ದಾರೆ.

ಬರೆದು ಬಂದವರನ್ನು ಬೆಳ್ಳಕ್ಕಿಕೆರೆಯಲ್ಲಿ ಯಾರೂ ಪಾಸಾ ಫೇಲಾ ಅಂತ ಕೇಳುವುದಿಲ್ಲ. ಬಸ್ಸಿಳಿದ ತಕ್ಷಣ ಯಾರಾದರೂ ಒಂದು ಚೆಂಬು ನೀರು ಕೊಟ್ಟು, ಯಾವ ಲೆಕ್ಕ ಕಣವ್ವಾ ನಿನ್ನ ಕೆಡವಿದ್ದು ಅಂತ ಕೇಳುತ್ತಾರೆ. ಅವರು ನಾಚಿಕೆಯಿಲ್ಲದೆ ಹೇಳುತ್ತಾರೆ. ಹೇಳಿ, ಏರಿ ಹತ್ತಿ, ಆ ಲೆಕ್ಕದ ಕಲ್ಲಿನ ಬುಡದಲ್ಲಿ ಒಂದು ಹರಳು ಇಟ್ಟು ಬರುತ್ತಾರೆ. ಮುಂದೆ ಹೋಗುವವರು ಆ ಗುಡ್ಡೆ ನೋಡಿಕೊಂಡು ಹೋಗಲಿ ಅಂತ.